ಮುತ್ತುಗದ ತಿರುವು

ಶಹಾಬಜಾರದಲ್ಲಿ ಒಬ್ಬಳೇ ಇರುವ ಸುನಂದಾ ಹತ್ತೊಂಬತ್ತು ವರ್ಷಗಳಿಂದ ಒಂದೇ ಬಸ್ಸಿನಲ್ಲಿ ಕಮಲಾಪುರದ ಕಚೇರಿಗೆ ಹೋಗುತ್ತಾಳೆ. ಪಕ್ಕದ ಸೀಟಿನಲ್ಲಿ ಯಾರೂ ಕೂರದಂತೆ ಚೀಲ ಇಟ್ಟುಬಿಡುತ್ತಾಳೆ. ದಿನವೂ ಜೊತೆಗೆ ಬರುವವರಿಗೆ ಅವಳ ಹೆಸರೂ ಗೊತ್ತಿಲ್ಲ.

ಕಮಲಾಪುರಕ್ಕೆ ಮುಂಚಿನ ತಿರುವಿನಲ್ಲಿ ಬಸ್ಸು ನಿಧಾನವಾಗುತ್ತದೆ. ಅಲ್ಲೊಂದು ಮುತ್ತುಗದ ಮರ. ಹೋಳಿಯ ಹೊತ್ತಿಗೆ ಎಂಟು ಹತ್ತು ದಿನ ಮೈತುಂಬ ಕೇಸರಿ ಹೂ. ಇಡೀ ವರ್ಷದಲ್ಲಿ ಸುನಂದಾ ಕಾಯುತ್ತಿದ್ದದ್ದು ಅದೊಂದಕ್ಕೇ.

ಈ ಸಲ ಆ ತಿರುವಿನಲ್ಲೇ ಬಸ್ಸು ಪಂಕ್ಚರ್ ಆಯಿತು. ಅವಳು ಇಳಿದು ಮೊದಲ ಬಾರಿ ಮರದ ಹತ್ತಿರ ಹೋದಳು. ಉದುರಿದ ಹೂಗಳನ್ನು ಹೋಳಿಯ ಬಣ್ಣಕ್ಕೆಂದು ಆರಿಸುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನಕ್ಕಳು.

“ಕಿಟಕ್ಯಾಗ ಕೂಡೋ ಅಕ್ಕೋರು ನೀವೇ ಅಲ್ರಿ? ಪ್ರತಿ ವರ್ಷ ನನ್ನೇ ನೋಡ್ಕೋತ ಹೋಗ್ತೀರಿ. ನಾನೂ ಕೈ ಬೀಸ್ತೀನ್ರಿ. ನನಗ ಹಂಗ ನೋಡೋರು ಬ್ಯಾರೆ ಯಾರ ಅದಾರ?”

ತಾನು ನೋಡಿದ್ದು ಮರವನ್ನು ಮಾತ್ರ ಎಂದು ಸುನಂದಾಳಿಗೆ ಹೇಳಲಾಗಲಿಲ್ಲ. ಹೆಸರು ಕೇಳಿದಳು. ಮಲ್ಕಮ್ಮ ಎಂದು ಗೊತ್ತಾಯಿತು.

ಹೋಳಿ ಮುಗಿಯಿತು. ಮರ ಬೋಳಾಯಿತು. ಆರಿಸಲು ಹೂವಿಲ್ಲದ ಮೇಲೆ ಮಲ್ಕಮ್ಮ ಬರುವುದೂ ನಿಂತಿತ್ತು. ತಿರುವಿನಲ್ಲಿ ಬಸ್ಸು ನಿಧಾನವಾದಾಗ ಸುನಂದಾ ಕಿಟಕಿಯಾಚೆ ಕೈ ಚಾಚಿ, ಯಾರೂ ಇಲ್ಲದ ಆ ನೆಲದತ್ತ ಬೀಸಿದಳು.