ದೊಡ್ಡಪ್ಪನ ದೋಣಿಗೆ ಹೊದಿಸಿದ ಟಾರ್ಪಾಲು

ನಮ್ಮ ದೊಡ್ಡಪ್ಪನ ಮೂಗು ಉದ್ದ, ಹೊಳ್ಳೆಗಳು ಅಗಲ. ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ ಅವು ಅರಳುತ್ತಿದ್ದವು. "ಥೂ, ಮುಗ್ಗಲು!" ಎಂದವರೇ ನೆಟ್ಟಗೆ ಹೋಗಿ ಕಿಟಕಿ ತೆರೆಯುತ್ತಿದ್ದರು. ಆರ್‌ಪಿಸಿ ಲೇಔಟಿನ ನೆಂಟರಿಗೆ ಅವರೆಂದರೆ ಅಷ್ಟಕ್ಕಷ್ಟೆ.

ನೌಕಾಪಡೆಯಿಂದ ನಿವೃತ್ತರಾಗಿ ಬಂದವರು ಬ್ಯಾಡರಹಳ್ಳಿಯ ಸೈಟಿನಲ್ಲಿ ಮನೆ ಕಟ್ಟಲಿಲ್ಲ. ತಗಡಿನ ಶೆಡ್ಡು ಹಾಕಿ ಮರದ ಹಾಯಿದೋಣಿ ಕಟ್ಟಲು ಕೂತರು. ಸಮುದ್ರವೆಲ್ಲಿ, ಮಾಗಡಿ ರಸ್ತೆಯೆಲ್ಲಿ! ಬೀದಿಯೆಲ್ಲ ನಕ್ಕಿತು. ಲಾರಿಯಲ್ಲಿ ಮಂಗಳೂರಿಗೆ ಸಾಗಿಸಿ, ನೀರಿಗಿಳಿಸಿ, ಅದರಲ್ಲೇ ವಾಸ ಮಾಡುವುದು ಅವರ ಆಸೆ. ಮದುವೆಯಾಗದ ಮನುಷ್ಯನಿಗೆ ಅದೇ ಸಂಸಾರ.

ದೋಣಿಯೊಳಗೆ ಪುಟ್ಟ ಕ್ಯಾಬಿನ್. ಮುಂದೊಂದು, ಹಿಂದೊಂದು ಗಾಳಿಕಿಂಡಿ. ಹಾಸಿಗೆಯ ಕೆಳಗೆ ಮರದ ಪಟ್ಟಿ ಹೊಡೆದು, ಗಾಳಿಯಾಡಲು ನಡುವೆ ಸಂದು ಬಿಟ್ಟಿದ್ದರು. ಬೀರುವಿನ ಬಾಗಿಲಿಗೂ ತೂತು. "ಗಾಳಿ ಒಳಗೆ ಬಂದ್ರೆ ಸಾಲ್ದು ಕಣೇ, ಹೊರಗೆ ಹೋಗೋಕೂ ದಾರಿ ಬೇಕು. ನೀರಿಗಿಂತ ಮೊದ್ಲು ಬೂಷ್ಟು ತಿನ್ನುತ್ತೆ ದೋಣೀನ" ಎನ್ನುತ್ತಿದ್ದರು.

ಒಂದು ಆಯುಧಪೂಜೆಗೆ ನಮ್ಮ ಚಿಕ್ಕಪ್ಪ ಕಾರು, ಸ್ಕೂಟರ್ ಜೊತೆ ದೋಣಿಗೂ ಪೂಜೆ ಮಾಡಲು ಹೊರಟರು. ಕ್ಯಾಬಿನ್ನಿನಲ್ಲಿ ದೀಪ ಆರುತ್ತದೆಂದು ಎರಡೂ ಕಿಂಡಿ ಮುಚ್ಚಿ ಸಾಂಬ್ರಾಣಿ ಹಾಕಿದರು. ಕೆಮ್ಮುತ್ತ ಹೊರಬಂದವರು ತಿಂದ ಉಸ್ಲಿಯನ್ನೆಲ್ಲ ಹೊಸ ಬಣ್ಣದ ಮೇಲೆ ವಾಂತಿ ಮಾಡಿದರು. ದೊಡ್ಡಪ್ಪ ಬಕೆಟ್ ಹಿಡಿದು ತೊಳೆಯುತ್ತ, "ಹೆಗ್ಣ ಓಡ್ಸೋಕೆ ಹೊಗೆ ಹಾಕಿದ್ಯೇನೋ?" ಎಂದರು. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು, ಚಿಕ್ಕಪ್ಪ ಒಬ್ಬರನ್ನು ಬಿಟ್ಟು.

ದೋಣಿ ಹೆಚ್ಚುಕಮ್ಮಿ ಮುಗಿದಿತ್ತು. ಅಷ್ಟರಲ್ಲಿ ದೊಡ್ಡಪ್ಪನಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದರು. ಹೊರಡುವಾಗ ಚಿಕ್ಕಪ್ಪನ ಕೈ ಹಿಡಿದು, "ಕಿಂಡಿ ಮಾತ್ರ ಮುಚ್ಬೇಡ ಕಣೋ" ಎಂದರು.

ಚಿಕ್ಕಪ್ಪ ಮುಚ್ಚಿದರು. ಮಳೆ ಎರಚುತ್ತದಂತೆ. ಸಾಲದ್ದಕ್ಕೆ ತಮ್ಮ ಮನೆಯ ಹಳೇ ಹತ್ತಿ ಹಾಸಿಗೆಗಳನ್ನು ಅದರೊಳಗೆ ತುರುಕಿ, ಮೇಲೆ ಟಾರ್ಪಾಲು ಬಿಗಿದು ಕಟ್ಟಿದರು. ಮಳೆಗಾಲ ಕಳೆದ ಮೇಲೆ, ಆಸ್ಪತ್ರೆಯಿಂದ ನಮ್ಮ ಮನೆಗೆ ಬಂದಿದ್ದ ದೊಡ್ಡಪ್ಪನನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ಟಾರ್ಪಾಲು ಸರಿಸಿದೊಡನೆ ನಾತ ಮೂಗಿಗೆ ಹೊಡೆಯಿತು. ಹಸಿರು ಬೂಷ್ಟು, ಇಲಿ ಉಚ್ಚೆ, ಬೆರಳಿಟ್ಟರೆ ಒಳಹೋಗುವ ಹಲಗೆ. ದೊಡ್ಡಪ್ಪ ಎರಡೂ ಕಿಂಡಿ ತೆರೆದರು.

"ಇಳಿಯಮ್ಮ, ಮನೆಗ್ ಹೋಗೋಣ" ಎಂದರು. ಆಮೇಲೆ ದೋಣಿಯ ಮಾತೇ ಎತ್ತಲಿಲ್ಲ. ಸಂಕ್ರಾಂತಿಗೆ ಮುಂಚೆಯೇ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಯ ದಿನ ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ, ಎಲೆಗಳಿಗೆ ತಾವೇ ವಡೆ ಬಡಿಸುತ್ತಿದ್ದರು. "ಅಣ್ಣನ ದೋಣಿ ಮೇಲೆ ಒಂದ್ ಹನಿ ನೀರು ಬೀಳ್ದಂಗೆ ನೋಡ್ಕೊಂಡೆ ಸಾರ್" ಎಂದು ಪಕ್ಕದವರಿಗೆ ಹೇಳುತ್ತ ನನ್ನ ಎಲೆಗೂ ಎರಡು ಹಾಕಿದರು. ಊಟದ ಪಂಕ್ತಿಯಿಂದ ನಡುವೆ ಏಳಬಾರದು ಎನ್ನುತ್ತಾರೆ. ನಾನು ಎದ್ದೆ.