ಶಿವಪ್ಪನವರ ಕಿವಿಯೊಳಗಿನ ನಾದ

ಶಿವಪ್ಪನವರ ಪ್ರಶ್ನೆಗೆ ಅಂದು ಏನು ಉತ್ತರ ಕೊಟ್ಟೆನೆಂದು ಈಗ ಆಣೆಯಿಟ್ಟು ಹೇಳಲಾರೆ. ಈ ಪ್ರಸಂಗವನ್ನು ಹಲವು ಸಲ ಹೇಳಿದ್ದೇನೆ. ಪ್ರತಿ ಸಲವೂ ಅದರಲ್ಲಿ ನಾನು ಸ್ವಲ್ಪ ಹೆಚ್ಚು ಒಳ್ಳೆಯವನಾಗುತ್ತ ಬಂದಿದ್ದೇನೆ. ಅನುಮಾನಕ್ಕೆ ಅಷ್ಟು ಸಾಕು.

ಅದು 1998. ಚಿಂಚವಾಡದ ಒಂದು ಚಿಕಿತ್ಸಾಲಯದಲ್ಲಿ ನಾನು ಆಡಿಯಾಲಜಿಸ್ಟ್ ಆಗಿದ್ದೆ, ಅಂದರೆ ಕಿವಿಯ ಶಕ್ತಿಯನ್ನು ಅಳೆಯುವವನು. ಶಿವಪ್ಪನವರು ವಿಜಾಪುರದ ಕಡೆಯವರು. ಅಲ್ಲೇ ಹತ್ತಿರದ ಭೋಸರಿಯ ಫೋರ್ಜಿಂಗ್ ಕಾರ್ಖಾನೆಯೊಂದರಲ್ಲಿ, ಕಾದ ಕಬ್ಬಿಣ ಬಡಿಯುವ ಹ್ಯಾಮರಿನ ಪಕ್ಕ ಮೂವತ್ತು ವರ್ಷ ನಿಂತು ನಿವೃತ್ತರಾಗಿದ್ದರು. ಕರೆತಂದವರು ಹೆಂಡತಿ ಶಾಂತಾಬಾಯಿ.

"ಇವರಿಗೆ ಒದರಿ ಒದರಿ ನನ್ನ ಗಂಟಲ ಹರದು ಹೋಗ್ಯದ್ರಿ ಸರ್. ಬಾಜೂ ಮನ್ಯಾಕಿ ದಿನಾ ಕೇಳ್ತಾಳ, ಜಗಳ ಮುಗೀತೇನ್ರಿ ಅಂತ."

ಪರೀಕ್ಷೆ ಮಾಡಿದೆ. ನಾಲ್ಕು ಸಾವಿರ ಹರ್ಟ್ಸ್‌ನ ತೀಕ್ಷ್ಣ ಸ್ವರದಲ್ಲಿ, ಎಪ್ಪತ್ತು ಡೆಸಿಬೆಲ್‌ಗಿಂತ ಕಡಿಮೆ ಸದ್ದು ಎರಡೂ ಕಿವಿಗೆ ಕೇಳುತ್ತಿರಲಿಲ್ಲ. ಗದ್ದಲದಲ್ಲಿ ದುಡಿದವರ ಗುರುತು ಅದು. ಕಿವಿಯೊಳಗೆ ಸದ್ದೇನಾದರೂ ಬರುತ್ತದೆಯೇ ಎಂದು ಗಟ್ಟಿಯಾಗಿ ಕೇಳಿದೆ. ಅವರ ಮುಖ ಅರಳಿತು.

"ಬರ್ತದ್ರಿ! ಕಾಲೊನಿ ಹಾಲ್‌ನ್ಯಾಗ ಯೋಗದ ಕ್ಲಾಸಿಗೆ ಹೋಗ್ತೀನಿ. ಕಣ್ಣು ಮುಚ್ಚಿ ಕುಂತ್ರ ಸಣ್ಣಗ ಕೊಳಲಿನಂಗ ಕೇಳ್ತದ. ಅನಾಹತ ನಾದ ಅಂತಾರ್ರಿ ಗುರುಗಳು."

ಯಾವುದೂ ಯಾವುದಕ್ಕೂ ತಾಗದೆ ಹುಟ್ಟುವ ಸದ್ದು ಅನಾಹತ. ಧ್ಯಾನ ಬಲಿತವರಿಗೆ ಅದು ಕೇಳುತ್ತದೆ ಎನ್ನುತ್ತಾರೆ. ನಾನು ಓದಿದ ವಿದ್ಯೆಯಲ್ಲಿ ಇದರ ಹೆಸರು ಟಿನಿಟಸ್, ಪೆಟ್ಟು ತಿಂದ ಕಿವಿಯ ಗುಂಯ್‌ಗುಡುವಿಕೆ. ಮೂವತ್ತು ವರ್ಷ ಬಡಿದದ್ದರ ಉಳಿಕೆ. ಮಾತು ತುಟಿಗೆ ಬಂದಿತ್ತು. ತಡೆದುಕೊಂಡು ಶ್ರವಣಯಂತ್ರ ತೊಡಿಸಿದೆ.

ಅವರು ಕಣ್ಣು ಮುಚ್ಚಿದರು. ಮರುಕ್ಷಣ ಯಂತ್ರ ಕಿತ್ತು ಮೇಜಿನ ಮೇಲಿಟ್ಟರು. "ನನ್ನ ನಾದ ಹೋತಲ್ರೀ! ಬ್ಯಾಡ್ರಿ ಇದು."

ಹೊರಗಿನ ಸದ್ದು ದೊಡ್ಡದಾದರೆ ಒಳಗಿನದು ಮುಚ್ಚಿಹೋಗುತ್ತದೆ. ನಮಗೆ ಅದು ಯಂತ್ರದ ಗುಣ. ಅವರಿಗೆ ಸಾಧನೆಯೇ ಕೈಬಿಟ್ಟಂತೆ.

ಶಾಂತಾಬಾಯಿ ನೆಲ ನೋಡುತ್ತ ಅಂದರು: "ಮೂವತ್ತು ವರ್ಷ ಹ್ಯಾಮರ್ ಮಾತು ಕೇಳಿದ್ರಿ. ಈಗ ನಾದದ್ದು. ನನ್ನ ಪಾಳಿ ಯಾವಾಗ ಬರ್ತದ?"

"ಏನಂದಿ?"

ಆಕೆ ಮತ್ತೆ ಹೇಳಲಿಲ್ಲ. ಶಿವಪ್ಪ ನನ್ನ ಮುಖ ನೋಡಿದರು. ನಾನು ಯಂತ್ರದ ಕಡೆ ಬೆರಳು ತೋರಿಸಿದೆ. ಒಲ್ಲದ ಮನಸ್ಸಿನಿಂದ ತಾವೇ ತೊಟ್ಟುಕೊಂಡರು.

"ಇನ್ನೊಮ್ಮೆ ಅನ್ನು."

"ಏನಿಲ್ರಿ. ಬಸ್ ತಪ್ಪತದ, ನಡೀರಿ ಅಂದೆ." ಆಕೆ ಅಂದದ್ದು ಪಿಸುದನಿಯಲ್ಲಿ. ಆದರೂ ಅವರಿಗೆ ಕೇಳಿತು.

"ಅಯ್ಯ, ನಿನ್ನ ದನಿ ಇಷ್ಟು ಸಣ್ಣದಿತ್ತೇನ! ಮರತೇಬಿಟ್ಟಿದ್ದೆ."

"ಒದರಿಸಿದವರು ಯಾರು?" ಎಂದು ಶಾಂತಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡರು.

ಯಂತ್ರ ತೊಟ್ಟೇ ಹೊರಟ ಶಿವಪ್ಪ ಬಾಗಿಲ ಬಳಿ ತಿರುಗಿ ನಿಂತರು. "ಸರ್, ಖರೇ ಹೇಳ್ರಿ. ಅದು ನಾದ ಹೌದೋ, ಅಲ್ಲೋ?"

ಕಿವಿಗೆ ಆದ ಗಾಯ ಎಂದೆನೋ, ಧ್ಯಾನಕ್ಕೆ ಕೂರುವಾಗ ಯಂತ್ರ ತೆಗೆದಿಡಿ ಎಂದಷ್ಟೇ ಹೇಳಿದೆನೋ. ಎರಡೂ ನನಗೆ ನೆನಪಿವೆ. ಎರಡರಲ್ಲೂ ಅವರು ತಲೆಯಾಡಿಸುತ್ತಾರೆ.

ಧ್ಯಾನದ ಬಗ್ಗೆ ನನ್ನ ಸಂಶಯ ಇಂದಿಗೂ ಹೋಗಿಲ್ಲ. ಆದರೆ ಕಿವಿಯೊಳಗಿನ ಸದ್ದಿಗೆ ಹೆಸರಿಡುವ ಮೊದಲು, ಆ ಮನುಷ್ಯನಿಗೆ ಯಾರ ದನಿ ಕೇಳಬೇಕಾಗಿದೆ ಎಂದು ವಿಚಾರಿಸುವುದನ್ನು ಅಂದಿನಿಂದ ರೂಢಿಸಿಕೊಂಡೆ.

2002ರಲ್ಲಿ ಚಿಕಿತ್ಸಾಲಯ ಬೇರೆ ಕಟ್ಟಡಕ್ಕೆ ಹೋಗುವಾಗ ರೋಗಿಗಳ ಹಳೆಯ ಕಾರ್ಡುಗಳಲ್ಲಿ ಅವರದನ್ನು ಹುಡುಕಿದೆ. ಬೆಳಗಿನಿಂದ ರಾತ್ರಿವರೆಗೆ ತೊಟ್ಟರೆ ಆ ಯಂತ್ರದ ಬ್ಯಾಟರಿ ಸುಮಾರು ಎರಡು ವಾರ ಬರುತ್ತದೆ. ಶಿವಪ್ಪನವರು ನಾಲ್ಕು ವರ್ಷ, ಎರಡು ವಾರಕ್ಕೊಮ್ಮೆ, ತಪ್ಪದೆ ಕೌಂಟರಿನಿಂದ ಬ್ಯಾಟರಿ ಒಯ್ದಿದ್ದರು.