ಕೈ ಬಿಟ್ಟರೂ ಸೀದಾ ಹೋದ ಜೀಪು

ಹೈದರಾಬಾದಿನ್ಯಾಗ ಜೀಪಿನ ವಿಷಯಕ್ಕ ನನ್ನ ಬಿಟ್ಟರ ಇನ್ನೊಬ್ಬ ಮಿಸ್ತ್ರಿ ಇದ್ದಿಲ್ಲ. ಮಾದಾಪುರದಾಗ ಕಂಪ್ಯೂಟರ್ ಕಂಪನಿಗಳು ಏಳಾಕತ್ತಿದ್ದ ಕಾಲ ಅದು. ಧಾರವಾಡ ಕಡೆಯ ಎಂಜಿನಿಯರ್ ಒಬ್ಬಾವ ಗುಡ್ಡ ಹತ್ತಿಸಾಕಂತ ತನ್ನ ಜೀಪನ್ನ ಆನಿಯಷ್ಟು ಎತ್ತರ ಮಾಡಿಸಿದ್ದ. ಆಮ್ಯಾಲೆ ಅದು ರಸ್ತೆದಾಗ ಕುಡಿದವರಂಗ ಓಲ್ಯಾಡಾಕತ್ತಿತು.

"ಇವತ್ತು ಸರಿ ಆಗ್ಲಿಲ್ಲಂದ್ರ ಇದನ್ನ ಮಾರಿಬಿಡ್ರಿ," ಅಂತ ಅವನ ಹೆಂಡತಿ ನನ್ನ ಗ್ಯಾರೇಜಿನಾಗ ಎಲ್ಲಾರ ಮುಂದ ಹೇಳಿದಳು. ಅವನ ಮಾರಿ ಸಣ್ಣದಾತು.

ಎತ್ತರ ಮಾಡುವಾಗ ಮುಂದಿನ ಆಕ್ಸಲ್ ಮುಂದಕ್ಕ ಹೊರಳಿತ್ತು, ಅದಕ್ಕ ಗಾಲಿ ಸೀದಾ ನಿಲ್ಲತಿದ್ದಿಲ್ಲ. ಸ್ಪ್ರಿಂಗ್ ಪಟ್ಟಾಕ್ಕೂ ಆಕ್ಸಲಿಗೂ ನಡುವ ಕಬ್ಬಿಣದ ಬೆಣೆ ಕೊಟ್ಟು ಅದನ್ನ ಹಿಂದಕ್ಕ ವಾಲಿಸಿದೆ. ಗಂಡ-ಹೆಂಡತಿನ್ನ ಕೂಡಿಸಿಕೊಂಡು ಮಿಯಾಪುರದ ರಸ್ತೆಗೆ ಹೊಂಟೆ. ನನ್ನ ಟ್ರಯಲ್ ಅಂದ್ರ ಒಂದ: ಗಾಡಿ ಓಡುವಾಗ ಎರಡೂ ಕೈ ಬಿಟ್ಟು, ಅಂಗೈಯಾಗ ತಂಬಾಕು ಸುಣ್ಣ ತಿಕ್ಕೂದು.

"ಅಜ್ಜಾರ, ಸ್ಟೇರಿಂಗ್ ಹಿಡೀರಿ!" ಅಂತ ಆಕಿ ಚೀರಿದಳು.

"ತಂಬಾಕು ಆಗ್ಲಿ, ತಡಿಯವ್ವಾ."

ಜೀಪು ದಾರ ಹಿಡಿದಂಗ ಸೀದಾ ಹೋತು. ಗಂಡ ನನ್ನ ಕೈನ ಆಸೆಗಣ್ಣಿಲೆ ನೋಡಾಕತ್ತಿದ್ದ.

"ಮಾರೂದು ಬ್ಯಾಡ," ಅಂದಳು ಆಕಿ ಅವಗ. "ಆದರ ಈ ಅಜ್ಜಾರ ಕಡೆ ಗಾಡಿ ಓಡಿಸೂದು ಮಾತ್ರ ಕಲೀಬ್ಯಾಡ್ರಿ."

ಮುಂದಿನ ತಿರುವಿನ್ಯಾಗ ನಾನು ಸ್ಟೇರಿಂಗ್ ಮುಟ್ಟದಿದ್ರೂ ಜೀಪು ತಾನ ತಿರುಗಿತು. ಹೇಳಿದರ ಜನ ನಂಬೂದಿಲ್ಲಂತ ಅದನ್ನ ನಾನು ಯಾರಿಗೂ ಹೇಳಾಂಗಿಲ್ಲ.